ಮೂವತ್ತೊಂದು ಒಂದುಗಳ ಸಂಖ್ಯೆ: 2147483647 ಅವಿಭಾಜ್ಯವೆಂದು ಅರಿಯುವ ಬಗೆ

(ಅಪವರ್ತನ, ಅಪವರ್ತ್ಯ ಮತ್ತು ಘಾತಾಂಕಗಳ ಪಾಠಗಳಿಗೆ ಪೂರಕ)

ಅವಿಭಾಜ್ಯ ಸಂಖ್ಯೆಗಳ ಪಾಠವು ಬಹುತೇಕ ಶಾಲೆಗಳಲ್ಲಿ ನೂರರೊಳಗೇ ಮುಗಿದುಹೋಗುತ್ತದೆ. ಒಂದರಿಂದ ನೂರರವರೆಗಿನ ಚೌಕಟ್ಟನ್ನು ಕಪ್ಪುಹಲಗೆಯ ಮೇಲೆ ಬರೆದು, ಎರಡು, ಮೂರು, ಐದು, ಏಳರ ಮಗ್ಗಿಗಳಲ್ಲಿ ಬರುವವನ್ನು ಹೊಡೆದುಹಾಕಿ, ಉಳಿದ ಇಪ್ಪತ್ತೈದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ರೂಢಿ. ಪಟ್ಟಿಯನ್ನು ಒಪ್ಪಿಸಬಲ್ಲ ವಿದ್ಯಾರ್ಥಿಯೇ ಪರೀಕ್ಷೆಯಲ್ಲಿ 91 ಅಥವಾ 119 ಎದುರಾದಾಗ ಹಿಂದುಮುಂದು ನೋಡದೆ ‘ಅವಿಭಾಜ್ಯ’ ಎಂದು ಬರೆಯುತ್ತಾನೆ. ನೋಟಕ್ಕೆ ಅವು ಹಾಗೆಯೇ ಇವೆ. 91 ಎಂದರೆ 7 × 13 ಎಂದೂ, 119 ಎಂದರೆ 7 × 17 ಎಂದೂ ತಿಳಿಯಬೇಕಾದರೆ ಭಾಗಿಸಿಯೇ ನೋಡಬೇಕು. ಅವಿಭಾಜ್ಯತೆ ಕಣ್ಣಿಗೆ ಕಾಣುವ ಗುಣವಲ್ಲ. ಸಾಧಿಸಿ ತೋರಿಸಬೇಕಾದ ಗುಣ.

2147483647 ಒಂದು ಅವಿಭಾಜ್ಯ ಸಂಖ್ಯೆ ಎಂಬ ಸಾಲನ್ನು ಎಲ್ಲಿಯೋ ಓದಿದ ವಿದ್ಯಾರ್ಥಿನಿಯೊಬ್ಬಳು, “ಇದನ್ನು ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಿದವರು ಯಾರು, ಟೀಚರ್?” ಎಂದು ಕೇಳಿದಳೆನ್ನೋಣ. “ಪುಸ್ತಕದಲ್ಲಿದೆ, ಬರೆದುಕೋ” ಎಂಬ ಉತ್ತರವು ಆ ಪ್ರಶ್ನೆಯನ್ನೂ ಅದರ ಹಿಂದಿರುವ ಗಣಿತವನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ. ಆಕೆ ಕೇಳಿದ ಪ್ರಶ್ನೆಯು ಇನ್ನೂರು ವರ್ಷಗಳ ಕಾಲ ಯೂರೋಪಿನ ಗಣಿತಜ್ಞರನ್ನು ಕಾಡಿದ ಪ್ರಶ್ನೆಯೇ ಆಗಿದೆ. ಅದಕ್ಕೆ ದೊರೆತ ಉತ್ತರದ ಮುಖ್ಯಭಾಗವನ್ನು ಏಳನೆಯ ತರಗತಿಯ ಮಕ್ಕಳೂ ಶಾಲೆಯ ಅಂಗಳದಲ್ಲಿ ನಿಂತು ಆಡಿ ತಿಳಿಯಬಹುದು.

ಮೊದಲಿಗೆ ಹೆಸರಿನ ವಿಚಾರ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಕಾಸರಗೋಡಿನ ಮಗು ನೆರೆಯ ತರಗತಿಯಲ್ಲಿ ‘ಅಭಾಜ್ಯಸಂಖ್ಯ’ ಎಂಬುದನ್ನು ಕೇಳುತ್ತದೆ. ಅದು ‘ಅವಿಭಾಜ್ಯ’ಕ್ಕೆ ಹತ್ತಿರವಾದ್ದರಿಂದ ತೊಂದರೆಯಿಲ್ಲ. ತಾಳವಾಡಿ, ಹೊಸೂರುಗಳ ಮಕ್ಕಳಿಗೆ ‘ಪಗಾ ಎಣ್’ ಎಂಬ ತಮಿಳು ಹೆಸರು ಕಿವಿಗೆ ಬಿದ್ದಿರುತ್ತದೆ. ಪಾಲಾಗದ ಎಣಿಕೆ ಎಂಬ ಅದರ ಅರ್ಥವು ಕನ್ನಡದ ಹೆಸರಿನ ಅರ್ಥವೇ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮಗು ಮರಾಠಿಯ ‘ಮೂಳ ಸಂಖ್ಯಾ’ ಎಂಬುದನ್ನು ‘ವರ್ಗಮೂಲ’ದೊಡನೆ ಬೆರೆಸಿಕೊಳ್ಳುವುದುಂಟು. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ತೆಲುಗಿನ ‘ಪ್ರಧಾನ ಸಂಖ್ಯ’ ಎಂಬುದು ಯಾವುದೋ ಮುಖ್ಯವಾದ, ದೊಡ್ಡದಾದ ಸಂಖ್ಯೆ ಎಂಬ ಭಾವನೆಯನ್ನು ಹುಟ್ಟಿಸಬಹುದು. ನೆರೆಭಾಷೆಯ ಹೆಸರನ್ನು ದೂರವಿಡುವುದಕ್ಕಿಂತ ಹಲಗೆಯ ಒಂದು ಮೂಲೆಯಲ್ಲಿ ಅದನ್ನೂ ಬರೆದು, ನಾಲ್ಕೂ ಹೆಸರುಗಳು ಹೇಳುವುದು ಒಂದನ್ನೇ ಎಂದು ತಿಳಿಸುವುದು ಲೇಸು: ಒಂದು ಮತ್ತು ತಾನು, ಈ ಎರಡೇ ಭಾಜಕಗಳುಳ್ಳ ಸಂಖ್ಯೆ.

ಸಂಖ್ಯೆಯ ಪರಿಚಯ

ಮೂವತ್ತೊಂದು ದಿನಗಳ ತಿಂಗಳೊಂದನ್ನು ಮಕ್ಕಳು ತೆಗೆದುಕೊಳ್ಳಲಿ. ಮೊದಲ ದಿನ ಒಂದು ರಾಗಿಕಾಳು, ಎರಡನೆಯ ದಿನ ಎರಡು, ಮೂರನೆಯ ದಿನ ನಾಲ್ಕು. ಹೀಗೆ ದಿನದಿನವೂ ಇಮ್ಮಡಿಯಾಗುತ್ತ ಒಂದು ಡಬ್ಬಿಗೆ ಹಾಕುತ್ತ ಹೋಗಬೇಕು. ಎರಡು ದಿನಕ್ಕೆ ಒಟ್ಟು 3, ಮೂರು ದಿನಕ್ಕೆ 7, ನಾಲ್ಕು ದಿನಕ್ಕೆ 15, ಐದು ದಿನಕ್ಕೆ 31. ಪ್ರತಿ ಸಲವೂ ಮರುದಿನ ಹಾಕಬೇಕಾದ ಕಾಳಿಗಿಂತ ಒಂದು ಕಡಿಮೆ ಬರುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ತಿಂಗಳ ಕೊನೆಯಲ್ಲಿ ಡಬ್ಬಿಯಲ್ಲಿರುವುದು 2³¹ − 1 ಕಾಳು, ಅಂದರೆ 2147483647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು ಗುಣೋತ್ತರ ಶ್ರೇಢಿಯ ಮೊತ್ತ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಮೊತ್ತಗಳ ಲೆಕ್ಕಗಳಿವೆಯೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದುವರಿಯಬಹುದು.

ಎರಡನ್ನು ಆಧಾರವಾಗಿಟ್ಟು ಬರೆಯುವ ದ್ವಿಮಾನ ಪದ್ಧತಿಯಲ್ಲಿ 3 ಎಂಬುದು 11, 7 ಎಂಬುದು 111, 31 ಎಂಬುದು 11111. ಆ ಲೆಕ್ಕದಲ್ಲಿ 2147483647 ಎಂದರೆ ಸಾಲಾಗಿ ನಿಂತ ಮೂವತ್ತೊಂದು ಒಂದುಗಳು. ಬೇರೆ ಯಾವ ಅಂಕಿಯೂ ಅದರಲ್ಲಿಲ್ಲ.

ಸಾಲಿನಲ್ಲಿರುವ ಒಂದುಗಳ ಎಣಿಕೆಯೇ ಸಂಯುಕ್ತವಾದರೆ ಸಂಖ್ಯೆಯೂ ಸಂಯುಕ್ತವಾಗುತ್ತದೆ. ಆರು ಒಂದುಗಳನ್ನು ಮೂರುಮೂರಾಗಿ ಕಟ್ಟಬಹುದು: 111111 = 111 × 1001. ದಶಮಾನದಲ್ಲಿ ಗುಣಿಸಿ ನೋಡಿದರೂ ಇದು ಸರಿ, ದ್ವಿಮಾನದಲ್ಲಿಯೂ ಸರಿ; ದ್ವಿಮಾನದಲ್ಲಿ ಇದರ ಅರ್ಥ 63 = 7 × 9. ಅಂತೆಯೇ 2¹⁵ − 1 = 32767 ಎಂಬುದರಲ್ಲಿ ಐದೈದು ಒಂದುಗಳ ಮೂರು ಗುಂಪುಗಳಿರುವುದರಿಂದ 31ರಿಂದ ಭಾಗವಾಗುತ್ತದೆ; ಭಾಗಲಬ್ಧ 1057. ಆದುದರಿಂದ 2ರ ಘಾತದಿಂದ ಒಂದು ಕಳೆದು ಅವಿಭಾಜ್ಯವನ್ನು ಪಡೆಯಬೇಕಾದರೆ ಘಾತಾಂಕವು ಅವಿಭಾಜ್ಯವಾಗಿರಲೇಬೇಕು.

ಇರಲೇಬೇಕು, ನಿಜ. ಆದರೆ ಅಷ್ಟೇ ಸಾಕೇ? ಘಾತಾಂಕ 2, 3, 5, 7 ಆದಾಗ ದೊರೆಯುವ 3, 7, 31, 127 ನಾಲ್ಕೂ ಅವಿಭಾಜ್ಯಗಳು. ಇಲ್ಲಿ ಪಾಠವನ್ನು ನಿಲ್ಲಿಸಿ, “ಮುಂದಿನ ಅವಿಭಾಜ್ಯ ಘಾತಾಂಕ 11ಕ್ಕೆ ಏನಾಗುತ್ತದೆ?” ಎಂದು ಕೇಳಿದರೆ ತರಗತಿಯೆಲ್ಲ ಒಂದೇ ದನಿಯಲ್ಲಿ ‘ಅವಿಭಾಜ್ಯ’ ಎನ್ನುತ್ತದೆ. 2¹¹ − 1 = 2047. ಮಕ್ಕಳು 3, 7, 11, 13, 17, 19ರಿಂದ ಭಾಗಿಸಿ ನೋಡುತ್ತಾರೆ. ಎಲ್ಲಿಯೂ ಭಾಗ ಹೋಗುವುದಿಲ್ಲ. ಅಲ್ಲಿಗೇ ಬಿಟ್ಟವರು ಸೋತರು: 2047 = 23 × 89. ನಾಲ್ಕು ಉದಾಹರಣೆಗಳು ಹೊಂದಿದ ಮಾತ್ರಕ್ಕೆ ನಿಯಮವಾಗುವುದಿಲ್ಲವೆಂಬುದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಈ ಒಂದು ಲೆಕ್ಕದಷ್ಟು ನಾಟದು. ಆದುದರಿಂದ ಶಿಕ್ಷಕರು ಉತ್ತರವನ್ನು ಮೊದಲೇ ಹೇಳದೆ, ಮಕ್ಕಳನ್ನು ತಪ್ಪಲು ಬಿಡತಕ್ಕದ್ದು.

ದೊಡ್ಡವರೂ ತಪ್ಪಿದ್ದಾರೆ

ಇಟಲಿಯ ಬೊಲೊನ್ಯದ ಕಟಾಲ್ದಿ ಎಂಬ ಗಣಿತಜ್ಞನು 1588ರಲ್ಲಿ 2¹⁷ − 1 ಮತ್ತು 2¹⁹ − 1 ಎರಡೂ ಅವಿಭಾಜ್ಯಗಳೆಂದು ಭಾಗಿಸಿಯೇ ಸ್ಥಾಪಿಸಿದನು. ಎರಡನೆಯದು 524287. ಅದರ ವರ್ಗಮೂಲ 724ಕ್ಕಿಂತ ಕೊಂಚ ಹೆಚ್ಚು. ಒಂದು ಸಂಖ್ಯೆಯನ್ನು ಎರಡು ಭಾಜಕಗಳ ಗುಣಲಬ್ಧವಾಗಿ ಬರೆದರೆ ಅವುಗಳಲ್ಲಿ ಒಂದಾದರೂ ವರ್ಗಮೂಲವನ್ನು ಮೀರಲಾರದು. ಹಾಗಾಗಿ 724ರವರೆಗಿನ ಅವಿಭಾಜ್ಯಗಳನ್ನು ಪ್ರಯೋಗಿಸಿದರೆ ಸಾಕು. ಅವು 128. ಕಾಗದ ಲೇಖನಿಗಳಿಂದ ಇಷ್ಟನ್ನು ಮಾಡುವುದು ಶ್ರಮವೇ ಹೊರತು ಅಸಾಧ್ಯವಲ್ಲ. ಕಟಾಲ್ದಿ ಅಲ್ಲಿಗೆ ನಿಲ್ಲದೆ, ಘಾತಾಂಕ 23, 29, 31, 37 ಆದಾಗಲೂ ಅವಿಭಾಜ್ಯವೇ ಬರುವುದೆಂದು ಹೇಳಿಬಿಟ್ಟನು. ನಾಲ್ಕರಲ್ಲಿ ಮೂರು ತಪ್ಪು.

1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ, 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಮಾತ್ರ ಅವಿಭಾಜ್ಯವನ್ನು ಕೊಡುತ್ತವೆಂದು ಪಟ್ಟಿ ಮಾಡಿದನು. ಈ ಬಗೆಯ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರು ನಿಂತಿತು. ಆದರೆ ಪಟ್ಟಿಯಲ್ಲಿ 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. 67ರ ಕಥೆಯು ಮಕ್ಕಳಿಗೆ ಹೇಳತಕ್ಕದ್ದು. 2⁶⁷ − 1 ಸಂಯುಕ್ತವೆಂದು ಫ್ರಾನ್ಸಿನ ಲ್ಯೂಕಾ 1876ರಲ್ಲಿ ತೋರಿಸಿದ್ದನಾದರೂ ಅದರ ಭಾಜಕಗಳು ಯಾವುವೆಂದು ಯಾರಿಗೂ ತಿಳಿದಿರಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಎಂಬ ಪ್ರಾಧ್ಯಾಪಕನು ಗಣಿತಜ್ಞರ ಸಭೆಯಲ್ಲಿ 193707721 × 761838257287 ಎಂಬ ಗುಣಾಕಾರವನ್ನು ಮುಂದಿಟ್ಟನು. ಆತನು ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತನೆಂದು ಹೇಳುತ್ತಾರೆ. ಸಂಯುಕ್ತವೆಂದು ತೋರಿಸಲು ಒಂದು ಗುಣಾಕಾರ ಸಾಕು. ಅವಿಭಾಜ್ಯವೆಂದು ತೋರಿಸಲು ಅಂಥ ಗುಣಾಕಾರ ಯಾವುದೂ ಇಲ್ಲವೆಂಬುದನ್ನು ತೋರಿಸಬೇಕು, ಅಲ್ಲಿಯೇ ಕಷ್ಟ.

2147483647ಕ್ಕೆ ಆ ಕಷ್ಟ ಎಷ್ಟು? 46341ರ ವರ್ಗ 2147488281, ನಮ್ಮ ಸಂಖ್ಯೆಗಿಂತ ಹೆಚ್ಚು. ಆದುದರಿಂದ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಬೇಕು. ಅವು 4792. ಒಂದೊಂದು ಭಾಗಾಕಾರಕ್ಕೆ ಐದು ನಿಮಿಷವೆಂದರೂ, ದಿನಕ್ಕೆ ಐದು ಗಂಟೆಯಂತೆ ಎಂಬತ್ತು ದಿನಗಳ ಕೆಲಸ. ಮೊದಲು ಅಷ್ಟು ಅವಿಭಾಜ್ಯಗಳ ಪಟ್ಟಿ ಕೈಯಲ್ಲಿರಬೇಕು. ನಡುವೆ ಎಲ್ಲಿಯೂ ಒಂದು ಅಂಕಿ ತಪ್ಪಬಾರದು.

ಅಂಗಳದ ಆಟ

ಈ ಕೆಲಸವನ್ನು ಇಳಿಸಿದ ವಿಚಾರವು ಫರ್ಮಾ ಎಂಬಾತನದು, ಹದಿನೇಳನೆಯ ಶತಮಾನದ್ದು. ಅದನ್ನು ಬೀಜಗಣಿತದಲ್ಲಿ ಹೇಳುವ ಬದಲು ಮಕ್ಕಳಿಂದ ಆಡಿಸುವುದು ಉತ್ತಮ. ಇದಕ್ಕೆ ಒಂದು ಪೂರ್ಣ ಅವಧಿಯನ್ನು ಮೀಸಲಿಡಬೇಕು.

ಇಪ್ಪತ್ತೆರಡು ಮಕ್ಕಳಿಗೆ 1ರಿಂದ 22ರವರೆಗಿನ ಚೀಟಿಗಳನ್ನು ಹಂಚಬೇಕು. ಇವು 23ರಿಂದ ಭಾಗಿಸಿದಾಗ ಬರಬಹುದಾದ ಶೇಷಗಳು, ಸೊನ್ನೆಯನ್ನು ಬಿಟ್ಟು. ಪ್ರತಿಯೊಬ್ಬರೂ ತಮ್ಮ ಸಂಖ್ಯೆಯ ಇಮ್ಮಡಿಯುಳ್ಳವರ ಹೆಗಲ ಮೇಲೆ ಬಲಗೈ ಇಡಬೇಕು. ಇಮ್ಮಡಿ 23ನ್ನು ಮೀರಿದರೆ 23ನ್ನು ಕಳೆಯಬೇಕು. ಒಂದರ ಕೈ ಎರಡರ ಮೇಲೆ, ಎರಡರದು ನಾಲ್ಕರ ಮೇಲೆ, ನಾಲ್ಕರದು ಎಂಟರ ಮೇಲೆ, ಎಂಟರದು ಹದಿನಾರರ ಮೇಲೆ. ಹದಿನಾರರ ಇಮ್ಮಡಿ 32, ಅದರಲ್ಲಿ 23 ಹೋದರೆ 9. ಹೀಗೆ 1, 2, 4, 8, 16, 9, 18, 13, 3, 6, 12 ಎಂದು ಸಾಗಿ, ಹನ್ನೆರಡರ ಇಮ್ಮಡಿ 24ರಿಂದ 23 ಕಳೆದು ಮತ್ತೆ ಒಂದಕ್ಕೆ ಬರುತ್ತದೆ. ಹನ್ನೊಂದು ಮಕ್ಕಳ ಒಂದು ಬಳೆ ಕೂಡಿತು. ಉಳಿದವರಲ್ಲಿ ಐದರಿಂದ ಹೊರಟರೆ 5, 10, 20, 17, 11, 22, 21, 19, 15, 7, 14 ಎಂದು ಇನ್ನೊಂದು ಬಳೆ. ಅದರಲ್ಲಿಯೂ ಹನ್ನೊಂದೇ ಮಂದಿ.

ಎರಡೂ ಬಳೆಗಳು ಸಮನಾದುದು ಆಕಸ್ಮಿಕವೇ? ಅಲ್ಲ. ಮೊದಲ ಬಳೆಯ ಪ್ರತಿಯೊಂದು ಸಂಖ್ಯೆಯನ್ನೂ ಐದರಿಂದ ಗುಣಿಸಿ ಶೇಷ ತೆಗೆದರೆ ಎರಡನೆಯ ಬಳೆ ಅದೇ ಕ್ರಮದಲ್ಲಿ ದೊರೆಯುತ್ತದೆ. ಭಾಜಕವು ಅವಿಭಾಜ್ಯವಾಗಿರುವುದರಿಂದ, ಹಾಗೆ ಗುಣಿಸುವಾಗ ಬೇರೆಬೇರೆ ಸಂಖ್ಯೆಗಳು ಒಂದೇ ಶೇಷಕ್ಕೆ ಬೀಳುವುದಿಲ್ಲ. ಎಲ್ಲ ಬಳೆಗಳೂ ಸಮವಾಗಿರುವುದರಿಂದ ಒಂದು ಬಳೆಯ ಮಕ್ಕಳ ಎಣಿಕೆಯು ಒಟ್ಟು ಮಕ್ಕಳ ಎಣಿಕೆಯನ್ನು ಶೇಷವಿಲ್ಲದೆ ಭಾಗಿಸಲೇಬೇಕು. ಇಲ್ಲಿ 11 ಎಂಬುದು 22ನ್ನು ಭಾಗಿಸಿತು. ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳಲ್ಲಿ 7ನ್ನು ತೆಗೆದುಕೊಂಡರೆ ಆರೇ ಮಕ್ಕಳು ಸಾಕು. ಮೂರುಮೂರು ಮಂದಿಯ ಎರಡು ಬಳೆಗಳಾಗುತ್ತವೆ.

ಹನ್ನೊಂದು ಹೆಜ್ಜೆಗೆ ಒಂದಕ್ಕೆ ಮರಳಿತೆಂದರೆ 2¹¹ನ್ನು 23ರಿಂದ ಭಾಗಿಸಿದಾಗ ಶೇಷ 1, ಅಂದರೆ 2¹¹ − 1 ಶೇಷವಿಲ್ಲದೆ ಭಾಗವಾಗುತ್ತದೆ. 2047ರೊಳಗೆ 23 ಅಡಗಿದ್ದ ಗುಟ್ಟು ಇದೇ.

ಈಗ ಇದನ್ನೇ ತಿರುಗಿಸಿ ನೋಡಬೇಕು. 2³¹ − 1ನ್ನು ಭಾಗಿಸುವ ಅವಿಭಾಜ್ಯವೊಂದು ಇದೆಯೆಂದು ಇಟ್ಟುಕೊಂಡು ಅದನ್ನು ‘ಭ’ ಎನ್ನೋಣ. ‘ಭ’ದ ಶೇಷಗಳ ಆಟದಲ್ಲಿ ಒಂದರಿಂದ ಹೊರಟವರು ಮೂವತ್ತೊಂದನೆಯ ಹೆಜ್ಜೆಗೆ ಒಂದಕ್ಕೆ ಮರಳಿರಬೇಕು. ಬಳೆ ಅದಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಕೆಲವು ಸುತ್ತು ಪೂರ್ತಿ ಸುತ್ತಿ ಮೂವತ್ತೊಂದು ಹೆಜ್ಜೆ ಆಗಿರಬೇಕು. ಆದರೆ 31 ಅವಿಭಾಜ್ಯ, ಅದನ್ನು ಸಮಸುತ್ತುಗಳಾಗಿ ಮುರಿಯುವಂತಿಲ್ಲ. ಒಂದೇ ಹೆಜ್ಜೆಯ ಬಳೆಯಂತೂ ಆಗದು; ಎರಡರ ಶೇಷ ಒಂದಾಗಲಾರದು. ಆದ್ದರಿಂದ ಪ್ರತಿ ಬಳೆಯಲ್ಲಿಯೂ ಸರಿಯಾಗಿ ಮೂವತ್ತೊಂದು ಮಂದಿ. ಒಟ್ಟು ಮಂದಿ ಭ − 1. ಹಾಗಾದರೆ ಭ − 1 ಎಂಬುದು 31ರ ಅಪವರ್ತ್ಯ. ಭ ಬೆಸವಾದ್ದರಿಂದ ಭ − 1 ಸಮಸಂಖ್ಯೆ. ಆದುದರಿಂದ ಅದು 62ರ ಅಪವರ್ತ್ಯ. ಭಾಜಕವೇನಾದರೂ ಇದ್ದರೆ ಅದು 62ಕ + 1 ಎಂಬ ರೂಪದಲ್ಲಿಯೇ ಇರಬೇಕು. ಮಿಕ್ಕ ಅವಿಭಾಜ್ಯಗಳನ್ನು ಮುಟ್ಟಿಯೂ ನೋಡಬೇಕಾಗಿಲ್ಲ.

ಇದರ ಬಲ ಎಷ್ಟೆಂಬುದನ್ನು 127ರಲ್ಲಿ ನೋಡಬಹುದು. ಘಾತಾಂಕ 7 ಆದ್ದರಿಂದ ಭಾಜಕಗಳು 14ಕ + 1 ರೂಪದವು, ಮೊದಲನೆಯದೇ 15. ಆದರೆ 127ರ ವರ್ಗಮೂಲ ಹನ್ನೆರಡನ್ನೂ ಮುಟ್ಟುವುದಿಲ್ಲ. ಒಂದು ಭಾಗಾಕಾರವನ್ನೂ ಮಾಡದೆ 127 ಅವಿಭಾಜ್ಯವೆಂದು ತೀರ್ಮಾನವಾಯಿತು.

ಇನ್ನೊಂದು ನಿಯಮವೂ ಉಂಟು. ಬೆಸ ಘಾತಾಂಕವುಳ್ಳ ಇಂಥ ಸಂಖ್ಯೆಯ ಅವಿಭಾಜ್ಯ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರುತ್ತದೆ. 2³¹ರ ಶೇಷ 1 ಆದರೆ 2³²ರ ಶೇಷ 2, ಅಂದರೆ 2¹⁶ರ ವರ್ಗವು 2ನ್ನು ಶೇಷವಾಗಿ ಕೊಡುತ್ತದೆ. ಎರಡು ಹೀಗೆ ವರ್ಗದ ಶೇಷವಾಗುವುದು ಆ ಬಗೆಯ ಅವಿಭಾಜ್ಯಗಳಲ್ಲಿ ಮಾತ್ರ. ಇದರ ಪೂರ್ಣ ಸಾಧನೆ ಶಾಲೆಯ ಮಟ್ಟವನ್ನು ಮೀರಿದ್ದು. ಸಾಧಿಸದೆ ಬಳಸುತ್ತಿರುವ ನಿಯಮ ಇದೊಂದೇ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಬಿಡುವುದು ಪ್ರಾಮಾಣಿಕತೆ.

ಎರಡೂ ನಿಯಮಗಳನ್ನು 2¹³ − 1 = 8191ಕ್ಕೆ ಹಚ್ಚಿದರೆ ಎಂಟನೆಯ ತರಗತಿಗೆ ಒಳ್ಳೆಯ ಅಭ್ಯಾಸವಾಗುತ್ತದೆ. ವರ್ಗಮೂಲ 90ರ ಮೇಲೆ ಕೊಂಚ. ಸಾಮಾನ್ಯ ಕ್ರಮದಲ್ಲಿ ಅಲ್ಲಿಯವರೆಗಿನ 24 ಅವಿಭಾಜ್ಯಗಳಿಂದ ಭಾಗಿಸಬೇಕಿತ್ತು. 26ಕ + 1 ರೂಪದವು 27, 53, 79 ಮಾತ್ರ. 8ರ ನಿಯಮದಲ್ಲಿ 27 ಮತ್ತು 53 ಬಿದ್ದುಹೋಗುತ್ತವೆ. ಉಳಿದುದು 79. 79 × 103 = 8137, ಶೇಷ 54. ಒಂದೇ ಭಾಗಾಕಾರದಲ್ಲಿ ಕೆಲಸ ಮುಗಿಯಿತು.

2¹⁷ − 1 = 131071ಕ್ಕೆ ಮೂರು ಭಾಗಾಕಾರಗಳು ಬೇಕು: 103, 137, 239. ಶೇಷಗಳು ಕ್ರಮವಾಗಿ 55, 99, 99. ಎರಡು ಶೇಷಗಳು ಒಂದೇ ಬಂದುದನ್ನು ಕಂಡು ಮಕ್ಕಳು ತಪ್ಪಾಯಿತೆಂದು ಅಳಿಸುವ ಸಂಭವವುಂಟು, ಅದು ಸರಿಯೇ. 137 × 239ರ ನಾಲ್ಕರಷ್ಟು 130972 ಆಗಿ, 131071ಕ್ಕೆ 99 ಕಡಿಮೆ ಬೀಳುವುದರಿಂದ ಹಾಗಾಗಿದೆ.

ಈ ಜರಡಿಯಲ್ಲಿ ಕಟಾಲ್ದಿಯ ತಪ್ಪುಗಳನ್ನು ಹಾಕಿ ನೋಡಿದರೆ ಸೋಜಿಗವಾಗುತ್ತದೆ. ಘಾತಾಂಕ 23ಕ್ಕೆ 46ಕ + 1 ರೂಪದ ಮೊದಲ ಸಂಖ್ಯೆ 47; ಅದೇ ಭಾಜಕ, 8388607 = 47 × 178481. ಘಾತಾಂಕ 29ಕ್ಕೆ 59, 117, 175 ಜರಡಿಯಲ್ಲಿ ನಿಲ್ಲವು. ನಿಲ್ಲುವ ಮೊದಲ ಅವಿಭಾಜ್ಯ 233, ಅದೇ ಭಾಜಕ. ಘಾತಾಂಕ 37ಕ್ಕೆ 75, 149 ಹೋಗಿ 223 ಉಳಿಯುತ್ತದೆ; ಅದೂ ಭಾಜಕವೇ. ಮೂರು ತಪ್ಪುಗಳೂ ಮೊದಲ ಭಾಗಾಕಾರದಲ್ಲಿಯೇ ಬಯಲಾಗುತ್ತವೆ. ಕಟಾಲ್ದಿ ಸೋಮಾರಿಯಾಗಿರಲಿಲ್ಲ. ಎಲ್ಲಿ ಹುಡುಕಬೇಕೆಂಬುದು ಅವನ ಕಾಲಕ್ಕೆ ಇನ್ನೂ ತಿಳಿದಿರಲಿಲ್ಲ. ಇವುಗಳಲ್ಲಿ 47 ಮತ್ತು 223ನ್ನು ಫರ್ಮಾ 1640ರಲ್ಲಿ ಈ ದಾರಿಯಿಂದಲೇ ಕಂಡುಹಿಡಿದನು.

ಆಯ್ಲರನ ಪತ್ರ

31ರ ಸರದಿ ಬಂದುದು ಆಯ್ಲರನ ಕಾಲಕ್ಕೆ. ಆಗ ಅವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದನು; ವಯಸ್ಸು ಅರವತ್ತು ದಾಟಿತ್ತು, ಕಣ್ಣು ಬಹುಮಟ್ಟಿಗೆ ಹೋಗಿತ್ತು. 1772ರ ಸುಮಾರಿಗೆ ಬೆರ್ಲಿನ್ನಿನಲ್ಲಿದ್ದ ಬೆರ್ನೂಲಿಗೆ ಬರೆದ ಪತ್ರದಲ್ಲಿ 2³¹ − 1 ಅವಿಭಾಜ್ಯವೆಂದು ತಿಳಿಸಿದನು. 62ಕ + 1ರ ನಿಯಮವನ್ನೂ 8ರ ನಿಯಮವನ್ನೂ ಕೂಡಿಸಿದರೆ ಭಾಜಕಗಳು 248ಕ + 1 ಅಥವಾ 248ಕ + 63 ಎಂಬ ಎರಡೇ ರೂಪದಲ್ಲಿರಬೇಕು. 63 ತಾನೇ ಸಂಯುಕ್ತ. ಅದನ್ನು ಬಿಟ್ಟರೆ 46340ರೊಳಗೆ ಅಂಥವು 372. ಅವುಗಳಲ್ಲಿಯೂ ಸಂಯುಕ್ತಗಳನ್ನು ತೆಗೆದುಹಾಕಿದರೆ ಉಳಿಯುವ ಅವಿಭಾಜ್ಯಗಳು ಎಂಬತ್ತರ ಆಸುಪಾಸು. 4792 ಭಾಗಾಕಾರಗಳ ಜಾಗದಲ್ಲಿ ಇಷ್ಟೇ. ಮೊದಲನೆಯದು 311; 311 × 6905092 = 2147483612, ಶೇಷ 35. ಹೀಗೆ ಕೊನೆಯವರೆಗೂ ಒಂದರಿಂದಲೂ ಭಾಗ ಹೋಗಲಿಲ್ಲ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಎಲ್ಲ ಸಂಖ್ಯೆಗಳಿಂದಲೂ ಯಾರೂ ಭಾಗಿಸಲಿಲ್ಲ. ಉಳಿದವುಗಳಿಂದ ಭಾಗ ಹೋಗುವುದು ಏಕೆ ಅಸಾಧ್ಯವೆಂದು ಮೊದಲು ತಿಳಿದುಕೊಂಡು, ಆಮೇಲೆ ಮಿಕ್ಕ ಕೆಲವರಿಂದ ಮಾತ್ರ ಭಾಗಿಸಿದರು.

ಇದಾದ ಮೇಲೆ ಸುಮಾರು ಒಂದು ಶತಮಾನ ಕಾಲ ಮನುಷ್ಯರಿಗೆ ತಿಳಿದ ಅತಿ ದೊಡ್ಡ ಅವಿಭಾಜ್ಯವೆಂಬ ಪಟ್ಟ ಇದಕ್ಕೇ ಇತ್ತು. ಇದರ ಜೊತೆಗೆ ಒಂದು ಪರಿಪೂರ್ಣ ಸಂಖ್ಯೆಯೂ ದೊರೆಯಿತು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ: 6 = 1 + 2 + 3, 28 = 1 + 2 + 4 + 7 + 14. ಮರ್ಸೆನ್ ಅವಿಭಾಜ್ಯವನ್ನು 2ರ ಹಿಂದಿನ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆಂದು ಯೂಕ್ಲಿಡನು ಆಗಲೇ ಸಾಧಿಸಿದ್ದನು. 2³⁰ × 2147483647 = 2305843008139952128, ಹತ್ತೊಂಬತ್ತು ಅಂಕಿಗಳದು. 1811ರಲ್ಲಿ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞನು, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ದೊರೆಯದು, ಏಕೆಂದರೆ ಉಪಯೋಗವಿಲ್ಲದ ಈ ಕುತೂಹಲಕ್ಕಾಗಿ ಇನ್ನು ಯಾರೂ ಅಷ್ಟು ಶ್ರಮಪಡಲಾರರೆಂದು ಬರೆದನು. ಗಣಿತದಲ್ಲಿ ಅವನ ಕೈ ಗಟ್ಟಿ. ಮನುಷ್ಯರ ವಿಚಾರದಲ್ಲಿ ಎಡವಿದನು. 1876ರಲ್ಲಿ ಲ್ಯೂಕಾ 39 ಅಂಕಿಗಳ 2¹²⁷ − 1ನ್ನು ಅವಿಭಾಜ್ಯವೆಂದು ತೋರಿಸಿದನು. 1883ರಲ್ಲಿ ರಷ್ಯದ ಪೆರ್ವುಶಿನ್, ಮರ್ಸೆನನ ಪಟ್ಟಿಯಲ್ಲಿಲ್ಲದ 2⁶¹ − 1ನ್ನು ಸೇರಿಸಿದನು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಮರ್ಸೆನ್ ಅವಿಭಾಜ್ಯದ ಘಾತಾಂಕ 136279841. ಅದರ ಅಂಕಿಗಳೇ 41024320.

ಇಷ್ಟು ದೊಡ್ಡವನ್ನು ಭಾಗಿಸಿ ಪರೀಕ್ಷಿಸುವಂತಿಲ್ಲ. ಲ್ಯೂಕಾ ಆರಂಭಿಸಿ, ಮುಂದೆ ಲೆಹ್ಮರ್ ಪೂರ್ಣಗೊಳಿಸಿದ ಒಂದು ವಿಧಾನವುಂಟು. ಅದು ಭಾಜಕವನ್ನು ಹುಡುಕುವುದೇ ಇಲ್ಲ. 4ರಿಂದ ಹೊರಟು, ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುವುದು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಅವಿಭಾಜ್ಯ, ಇಲ್ಲವಾದರೆ ಸಂಯುಕ್ತ. 127ಕ್ಕೆ ಐದು ಹೆಜ್ಜೆ: 4, 14, 67, 42, 111, 0. 2047ಕ್ಕೆ ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ, ಆದ್ದರಿಂದ ಸಂಯುಕ್ತ. ಆದರೆ 23 ಎಂಬ ಹೆಸರು ಇಲ್ಲಿ ಎಲ್ಲಿಯೂ ಕಾಣಲಿಲ್ಲ. ಕೋಲನಿಗಿಂತ ಮುಂಚೆ 2⁶⁷ − 1ರ ಸ್ಥಿತಿ ಇದೇ ಆಗಿತ್ತು. 2147483647ಕ್ಕೆ ಇಪ್ಪತ್ತೊಂಬತ್ತು ಹೆಜ್ಜೆಗಳು ಸಾಕು. ಗಣಕವಿರುವ ಶಾಲೆಗಳಲ್ಲಿ ಹತ್ತನೆಯ ತರಗತಿಯವರು ಇದನ್ನು ಮಾಡಿ ನೋಡಬಹುದು.

ಗಣಕದೊಳಗೆ

ಗಣಕದ ಮಾತು ಬಂದಾಗ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಡಬೇಕು. ಮೂವತ್ತೆರಡು ಮನೆಗಳಲ್ಲಿ ಸಂಖ್ಯೆಯನ್ನು ಬರೆದಿಡುವ ಗಣಕದಲ್ಲಿ ಒಂದು ಮನೆ ಧನ ಋಣ ಚಿಹ್ನೆಗೆ ಹೋದರೆ ಉಳಿಯುವುದು ಮೂವತ್ತೊಂದು; ಎಲ್ಲದರಲ್ಲಿಯೂ ಒಂದನ್ನು ತುಂಬಿದರೆ 2147483647. 1970ರ ಆರಂಭದಿಂದ ಸೆಕೆಂಡುಗಳನ್ನು ಈ ಮನೆಗಳಲ್ಲಿ ಎಣಿಸುತ್ತಿರುವ ಹಳೆಯ ಗಣಕಗಳ ಲೆಕ್ಕ 2038ರ ಜನವರಿ 19ರಂದು, ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಇದು ಸ್ವಾರಸ್ಯವೇ. ಆದರೆ ಅವಿಭಾಜ್ಯತೆಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದರಲ್ಲಿ ಸಂಬಂಧವಿದೆ. ಕ್ರಮವೇ ಇಲ್ಲವೆಂಬಂತೆ ತೋರುವ ಸಂಖ್ಯೆಗಳು ಗಣಕಕ್ಕೆ ಅನೇಕ ಕೆಲಸಗಳಲ್ಲಿ ಬೇಕಾಗುತ್ತವೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬವರು ಅದಕ್ಕೆ ಸೂಚಿಸಿದ ವಿಧಾನ ಅಂಗಳದ ಆಟವೇ: ಇದ್ದ ಸಂಖ್ಯೆಯನ್ನು 16807ರಿಂದ, ಅಂದರೆ 7⁵ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳುವುದು. ಈ ಗುಣಕಕ್ಕೆ 1ರಿಂದ 2147483646ರವರೆಗಿನ ಎಲ್ಲ ಸಂಖ್ಯೆಗಳೂ ಸೇರಿ ಒಂದೇ ಬಳೆಯಾಗುತ್ತದೆ. ಯಾವುದೂ ಬಿಟ್ಟುಹೋಗದೆ, ಎರಡು ಸಲ ಬಾರದೆ ಸುತ್ತು ಮುಗಿಯುತ್ತದೆ. ಚಿಕ್ಕದರಲ್ಲಿ ನೋಡಬೇಕಾದರೆ ಮೂವತ್ತು ಮಕ್ಕಳಿಂದ 31ರ ಆಟವನ್ನು ಆಡಿಸಬೇಕು. ಇಮ್ಮಡಿಯ ಬದಲು ಮುಮ್ಮಡಿ ಮಾಡಿದರೆ 1, 3, 9, 27, 19, 26 ಎಂದು ಸಾಗಿ ಮೂವತ್ತೂ ಮಂದಿ ಒಂದೇ ಬಳೆಯಲ್ಲಿ ನಿಲ್ಲುತ್ತಾರೆ. ಇಮ್ಮಡಿಯಾದರೆ ಐದೈದು ಮಂದಿಯ ಆರು ಬಳೆಗಳು.

ತರಗತಿಗೆ

ಮೇಲಿನದೆಲ್ಲವನ್ನೂ ಒಂದೇ ತರಗತಿಗೆ ಹೇಳಬೇಕಾಗಿಲ್ಲ. ಆರನೆಯ ತರಗತಿಗೆ ರಾಗಿಕಾಳು ಮತ್ತು 2047 ಸಾಕು. ಏಳು, ಎಂಟಕ್ಕೆ ಬಳೆಗಳ ಆಟ ಮತ್ತು 8191. ಕೊನೆಯ ವಿಧಾನ ಹತ್ತಕ್ಕೆ. ಆಟದಲ್ಲಿ 9, 15 ಮುಂತಾದ ಸಂಯುಕ್ತ ಸಂಖ್ಯೆಗಳನ್ನೂ ಒಮ್ಮೆ ಆಡಿಸಿ, ಬಳೆಗಳು ಸಮವಾಗದಿರುವುದನ್ನು ಮಕ್ಕಳಿಗೆ ತೋರಿಸಬೇಕು. ಒಂಬತ್ತರಲ್ಲಿ 1, 2, 4, 8, 7, 5 ಒಂದು ಬಳೆ. 3 ಮತ್ತು 6 ಮಾತ್ರ ಬೇರೆ ನಿಂತು ಒಬ್ಬರ ಹೆಗಲ ಮೇಲೊಬ್ಬರು ಕೈಯಿಡುತ್ತಾರೆ. ಏಕೆ ಹೀಗೆಂದು ಯಾರಾದರೂ ಕೇಳಿದರೆ ಆ ದಿನದ ಪಾಠ ಅಲ್ಲಿಂದಲೇ ಬೆಳೆಯಲಿ.

ಮನೆಕೆಲಸಕ್ಕೆ ಕಟಾಲ್ದಿಯ 524287ನ್ನು ಕೊಡಬಹುದು. ಅವನಿಗೆ 128 ಅವಿಭಾಜ್ಯಗಳಿದ್ದವು. ಎರಡು ನಿಯಮಗಳನ್ನು ಹಚ್ಚಿದರೆ 39, 153, 191, 305, 343, 457, 495, 609, 647 ಉಳಿಯುತ್ತವೆ. ಇವುಗಳಲ್ಲಿ ಸಂಯುಕ್ತಗಳನ್ನು ಮಕ್ಕಳೇ ಗುರುತಿಸಿ ತೆಗೆಯಲಿ. ಉಳಿಯುವ ಮೂರರಿಂದ ಭಾಗಿಸಿದಾಗ ಬರಬೇಕಾದ ಶೇಷಗಳು, ತಾಳೆ ನೋಡಲು ಶಿಕ್ಷಕರಿಗಾಗಿ: 191ಕ್ಕೆ 183, 457ಕ್ಕೆ 108, 647ಕ್ಕೆ 217.